ತ್ಯಾಗವೋ ಪ್ರಮಾದವೋ?

ಶ್ರಾವಕನೊಬ್ಬನ ಆಚಾರವನ್ನು ಕುರಿತು ಮಾತನಾಡುವಾಗ ಆತನು ಏನೇನನ್ನು ಬಿಟ್ಟಿದ್ದಾನೆ ಎಂಬುದನ್ನೇ ನಾವು ಮೊದಲು ಎಣಿಸುತ್ತೇವೆ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟವನು, ರಾತ್ರಿಭೋಜನವನ್ನು ಬಿಟ್ಟವನು, ಕಂದಮೂಲಗಳನ್ನು ಬಿಟ್ಟವನು ಎಂದು ಪರಿಚಯ ಹೇಳುವುದು ನಮ್ಮಲ್ಲಿ ರೂಢಿ. ಬಿಡುವುದು ನಮ್ಮ ಧರ್ಮದಲ್ಲಿ ದೊಡ್ಡ ಮಾತು. ಆದರೆ ಬಿಟ್ಟದ್ದೆಲ್ಲವೂ ತ್ಯಾಗವೆನಿಸುವುದೇ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಈ ಪ್ರಶ್ನೆಯ ಪರಿಶೀಲನೆಗೆ ಅತಿ ಸಾಮಾನ್ಯವಾದ ಸೈಕಲ್ಲನ್ನು ಇಲ್ಲಿ ಆರಿಸಿಕೊಂಡಿದೆ. ಸೈಕಲ್ ಸವಾರರು ನಂಬದಿರುವ, ಬೇಡವೆಂದು ಕಳಚಿಡುವ ಭಾಗಗಳು ಹಲವುಂಟು. ವಿಷಯವು ಕ್ಷುದ್ರವೆಂದು ತೋರಬಹುದು. ಆದರೂ ಅವುಗಳನ್ನು ಬೇಡವೆನ್ನುವಾಗ ನಡೆಯುವ ಮನೋವ್ಯಾಪಾರವು ವ್ರತವಿಚಾರಕ್ಕೆ ಹೊರತಾದುದಲ್ಲ.

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಪ್ರಾಚೀನ ಬಸದಿಯಿರುವ ಕೋಗಳಿಯೂ ಇದೇ ಸೀಮೆಯದು. ಪ್ರತಿವರ್ಷ ಭರತ ಹುಣ್ಣಿಮೆಯ ಸಂದರ್ಭದಲ್ಲಿ ಮೈಲಾರಲಿಂಗೇಶ್ವರನ ಜಾತ್ರೆ ಕೂಡುತ್ತದೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಜನಸಾಗರವೇ ನೆರೆಯುತ್ತದೆ. ಮಾಘಮಾಸದ ಕೊನೆಗೆ ಕೊಟ್ಟೂರಿನ ರಥೋತ್ಸವಕ್ಕೂ ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಆ ದಿನಗಳಲ್ಲಿ ಈ ಸೀಮೆಯ ರಸ್ತೆಗಳ ಮೇಲೆ ಹಗಲಿರುಳೂ ಜನರಿರುತ್ತಾರೆ. ಕರಿಯ ಕಂಬಳಿ ಹೊದ್ದ ಗೊರವರು, ಮಗುವನ್ನು ಹೆಗಲಿಗೇರಿಸಿಕೊಂಡ ತಂದೆಯರು, ಚಕ್ಕಡಿಗಳು, ಎತ್ತುಗಳು, ನಡುನಡುವೆ ಮೋಟಾರು ವಾಹನಗಳು ಮತ್ತು ಸೈಕಲ್ಲುಗಳು, ಎಲ್ಲವೂ ಅದೇ ರಸ್ತೆಯಲ್ಲಿ. ಇಂಥ ದಾರಿಯಲ್ಲಿ ಸೈಕಲ್ಲಿನಿಂದ ಕಳಚಿಟ್ಟ ಒಂದು ಚಿಕ್ಕ ಭಾಗದ ಬೆಲೆ ಎಷ್ಟೆಂಬುದು ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳ ಸವಾರರು ಮೊದಲು ಸಂಶಯಪಡುವುದು ಮುಂದಿನ ಬ್ರೇಕನ್ನು. ಅದನ್ನು ಹಿಡಿದರೆ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಮಗುಚಿ ಬೀಳುತ್ತೇವೆಂಬ ಭಯದಿಂದ ಅದನ್ನು ಸಡಿಲಿಸಿಡುವವರುಂಟು, ಬಿಚ್ಚಿಸಿಯೇ ಬಿಡುವವರೂ ಉಂಟು. ಎರಡನೆಯದು ಡೈನಮೋ. ಅದರ ಚಿಕ್ಕ ಗಾಲಿಯು ಟೈರಿನ ಮಗ್ಗುಲಿಗೆ ಉಜ್ಜಿ ತಿರುಗುವುದರಿಂದ ಪೆಡಲು ಭಾರವಾಗುತ್ತದೆ, ಟೈರು ಸವೆಯುತ್ತದೆ ಎಂಬ ದೂರು. ಮಳೆಯಲ್ಲಿ ಅದು ಜಾರುತ್ತದೆ. ನಿಧಾನವಾಗಿ ಹೋದರೆ ದೀಪ ಮಂಕಾಗುತ್ತದೆ. ನಿಂತರೆ ಆರಿಯೇ ಹೋಗುತ್ತದೆ. ಮೂರನೆಯದು ಬೆಲ್ಲು. ಕಳ್ಳರ ಕೈ ಮೊದಲು ಬೀಳುವುದು ಅದರ ಮೇಲೆ. ಹಿರಿಯರ ಬೆನ್ನ ಹಿಂದೆ ಬೆಲ್ಲು ಬಾರಿಸುವುದು ಅವಿನಯವೆಂಬ ಸಂಕೋಚವೂ ಕೆಲವರಿಗೆ. ಹಿಂಬದಿಯ ಕೆಂಪು ರಿಫ್ಲೆಕ್ಟರ್ ಒಡೆದುಹೋದರೆ ಮತ್ತೆ ಹಾಕಿಸುವವರು ವಿರಳ. ಹೆಲ್ಮೆಟ್ಟಂತೂ ಸೈಕಲ್ಲಿಗೆ ಹಾಸ್ಯಾಸ್ಪದವೆಂದೇ ಬಹುಜನರ ಅಭಿಪ್ರಾಯ. ಕೊನೆಯದಾಗಿ, ನಮ್ಮ ಸಮಾಜದವರು ವಿಶೇಷವಾಗಿ ಬೇಡವೆನ್ನುವುದು ಚರ್ಮದ ಸೀಟನ್ನು.

ಈ ದೂರುಗಳು ನಿರಾಧಾರವಾದವುಗಳಲ್ಲ. ಡೈನಮೋ ಕಾಲಿಗೆ ಭಾರವೆಂಬುದು ನಿಜ. ಮುಂದಿನ ಬ್ರೇಕನ್ನು ಥಟ್ಟನೆ ಬಿಗಿಹಿಡಿದರೆ ಸವಾರನು ಬೀಳಬಹುದೆಂಬುದೂ ನಿಜ. ಆದರೆ ಇದು ಅರ್ಧಸತ್ಯ. ಸೈಕಲ್ಲು ನಿಲ್ಲುವಾಗ ಅದರ ಭಾರವು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರತೊಡಗುತ್ತದೆ. ಆದುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಾಗಿರುವುದು ಮುಂದಿನ ಬ್ರೇಕಿನಲ್ಲಿಯೇ. ಹಿಂದಿನದೊಂದನ್ನೇ ನಂಬಿದವನಿಗೆ ನಿಲ್ಲಲು ಸುಮಾರು ಇಮ್ಮಡಿ ದೂರ ಬೇಕಾಗುತ್ತದೆ. ಹಳೆಯ ಮಾದರಿಯ ಸೈಕಲ್ಲುಗಳ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕ್ ರಬ್ಬರಿನ ಹಿಡಿತ ಇನ್ನಷ್ಟು ಕುಗ್ಗುತ್ತದೆ. ಎರಡು ಬ್ರೇಕುಗಳನ್ನೂ ಕೂಡಿಸಿ, ಮೈಯನ್ನು ಹಿಂದಕ್ಕೆ ಸರಿಸಿ, ಕ್ರಮವಾಗಿ ಬಿಗಿಗೊಳಿಸುವವನು ಸುಲಭವಾಗಿ ಮಗುಚಿಕೊಳ್ಳುವುದಿಲ್ಲ. ಕಲಿಯದ ದೋಷವನ್ನು ಬ್ರೇಕಿನ ದೋಷವೆಂದು ಹೇಳುವುದು ಸರಿಯಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಮೇಲೆ ಹೇಳಿದ ನಿರಾಕರಣೆಗಳೆಲ್ಲವೂ ಒಂದೇ ಜಾತಿಯವೇ? ಬೇಡವೆಂದುದರ ಕಷ್ಟವನ್ನು ಯಾರು ಅನುಭವಿಸುತ್ತಾರೆ ಎಂದು ಕೇಳಿದರೆ ಅವು ತಾವಾಗಿಯೇ ಬೇರೆ ಬೇರೆಯಾಗುತ್ತವೆ. ಚರ್ಮದ ಸೀಟನ್ನು ಬಿಟ್ಟವನು ಗಟ್ಟಿಯಾದ ಸೀಟಿನ ಮೇಲೆ ಕುಳಿತು ತಾನೇ ಕಷ್ಟಪಡುತ್ತಾನೆ; ಅವನ ನಿರಾಕರಣೆಯಿಂದ ದಾರಿಹೋಕನಿಗೆ ಅಪಾಯವಿಲ್ಲ. ಹೆಲ್ಮೆಟ್ಟನ್ನು ಬಿಟ್ಟವನು ಮುಖ್ಯವಾಗಿ ತನ್ನ ತಲೆಯನ್ನೇ ಪಣಕ್ಕಿಡುತ್ತಾನೆ. ಅವನ ಹಿಂದೆ ಅವನನ್ನೇ ನಂಬಿದ ಸಂಸಾರವಿದೆಯೆಂಬುದನ್ನು ಮರೆಯಲಾಗದು. ಆದರೆ ಬ್ರೇಕನ್ನೂ ದೀಪವನ್ನೂ ಬೆಲ್ಲನ್ನೂ ಬಿಟ್ಟವನು ಕಾಲಿನ ಶ್ರಮವನ್ನೋ ಕೆಲವು ರೂಪಾಯಿಗಳನ್ನೋ ತಾನು ಉಳಿಸಿಕೊಂಡು, ಅದರ ಬೆಲೆಯನ್ನು ಕತ್ತಲಲ್ಲಿ ನಡೆದುಬರುವ ಅಪರಿಚಿತನ ಮೈಮೇಲೆ ಹೊರಿಸುತ್ತಾನೆ. ಮೊದಲನೆಯದು ತ್ಯಾಗ. ಕೊನೆಯದು ತ್ಯಾಗದ ಹಾಗೆಯೇ ಕಂಡರೂ ವಸ್ತುತಃ ಪರಿಗ್ರಹ. ತನ್ನ ಸುಖದ ಪರಿಗ್ರಹ.

ಇಲ್ಲಿ ಬಹಳ ಜನರು ಕೊಡುವ ಉತ್ತರವೊಂದಿದೆ: ‘ಇಷ್ಟು ವರ್ಷಗಳಿಂದ ಹೀಗೆಯೇ ಓಡಿಸುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ.’ ಲೋಕದೃಷ್ಟಿಗೆ ಇದು ಸಮರ್ಪಕವೆನಿಸಬಹುದು. ನಮ್ಮ ಶಾಸ್ತ್ರದೃಷ್ಟಿಗೆ ಇದು ಉತ್ತರವೇ ಅಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳದೆ, ಪ್ರಮಾದದಿಂದ ಕೂಡಿದ ಯೋಗವನ್ನು ಮುಂದಿಟ್ಟಿದ್ದಾರೆ. ಕುಂದಕುಂದಾಚಾರ್ಯರ ಪ್ರವಚನಸಾರವೂ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವೂ ಇದನ್ನು ಇನ್ನೂ ವಿಶದಗೊಳಿಸಿವೆ. ಯತ್ನಾಚಾರದಿಂದ ನಡೆಯುವವನ ಕಾಲಿಗೆ ಅಕಸ್ಮಾತ್ತಾಗಿ ಜೀವಿಯೊಂದು ಸಿಕ್ಕರೂ ಅವನಿಗೆ ಹಿಂಸೆಯ ಬಂಧವಿಲ್ಲ. ಅಯತ್ನಾಚಾರಿಗೆ ಜೀವಿ ಸತ್ತರೂ ಬದುಕಿದರೂ ಹಿಂಸೆಯು ತಪ್ಪದು. ಹಾಗಾದರೆ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಹತ್ತು ವರ್ಷ ಯಾರಿಗೂ ತಾಗದೆ ಓಡಾಡಿದವನ ಲೆಕ್ಕವೇನು? ಅಪಘಾತವಾಗದಿದ್ದುದು ಇತರರ ಆಯುಷ್ಯದ ಬಲ. ಅದನ್ನು ಅವನು ತನ್ನ ಪುಣ್ಯವೆಂದು ಬರೆದುಕೊಳ್ಳುವಂತಿಲ್ಲ. ಪ್ರಮಾದವು ಹತ್ತು ವರ್ಷವೂ ಅವನೊಡನೆಯೇ ಸವಾರಿ ಮಾಡಿದೆ.

ಮುನಿಗಳ ಈರ್ಯಾಸಮಿತಿಯನ್ನು ಇಲ್ಲಿ ಸ್ಮರಿಸುವುದು ಉಚಿತ. ಹಗಲಿನ ಬೆಳಕಿನಲ್ಲಿ, ಜನರು ತುಳಿದ ದಾರಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಅವರು ವಿಹರಿಸುತ್ತಾರೆ. ನಾಲ್ಕು ಮೊಳವೆಂದರೆ ಸುಮಾರು ಆರು ಅಡಿ. ನಡೆಯುವವನಿಗೆ ಕಾಲನ್ನು ತಡೆದುಕೊಳ್ಳಲು ಅಷ್ಟು ಅಂತರ ಸಾಕು. ಗಂಟೆಗೆ ೧೫ ಕಿಲೋಮೀಟರ್ ವೇಗದ ಸೈಕಲ್ಲು ಒಂದು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಆ ಆರು ಅಡಿಗಳನ್ನು ಅರ್ಧ ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಕಣ್ಣು ಕಂಡು ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ನೆಲ ಹಿಂದಾಗಿರುತ್ತದೆ. ಗೃಹಸ್ಥನಿಗೆ ವಾಹನವು ನಿಷಿದ್ಧವಲ್ಲ. ಆರಂಭೀ, ಉದ್ಯೋಗೀ ಹಿಂಸೆಗಳನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಆಚಾರ್ಯರು ಬಲ್ಲರು. ಆದರೆ ವೇಗವನ್ನು ಪಡೆದುಕೊಂಡವನು ಅದಕ್ಕೆ ತಕ್ಕ ಎಚ್ಚರವನ್ನೂ ಪಡೆದುಕೊಳ್ಳಬೇಕು. ಕಾಲು ತಾನೇ ಮಾಡುತ್ತಿದ್ದ ಕೆಲಸವನ್ನು ಬ್ರೇಕು, ಕಣ್ಣು ಮಾಡುತ್ತಿದ್ದ ಕೆಲಸವನ್ನು ದೀಪ, ಬಾಯಿ ಮಾಡುತ್ತಿದ್ದ ಕೆಲಸವನ್ನು ಬೆಲ್ಲು ಮಾಡಬೇಕಾಗಿದೆ. ಸೈಕಲ್ಲನ್ನು ಇಟ್ಟುಕೊಂಡು ಇವುಗಳನ್ನು ಬಿಡುವವನು ವೇಗವನ್ನು ಉಳಿಸಿಕೊಂಡು ಸಮಿತಿಯನ್ನು ಬಿಟ್ಟಂತಾಯಿತು.

ದೀಪದ ವಿಷಯದಲ್ಲಿ ನಮ್ಮವರೇ ಎತ್ತಬಹುದಾದ ಆಕ್ಷೇಪವೊಂದುಂಟು. ದೀಪಕ್ಕೆ ಹುಳುಹುಪ್ಪಟೆಗಳು ಮುತ್ತುತ್ತವೆ. ಆದುದರಿಂದ ದೀಪವಿಲ್ಲದಿರುವುದೇ ಅಹಿಂಸೆಯಲ್ಲವೇ ಎಂದು. ಈ ಸೂಕ್ಷ್ಮತೆ ಗೌರವಾರ್ಹ. ಆದರೆ ಅದರ ನಿಜವಾದ ಫಲವು ರಾತ್ರಿಯ ಪ್ರಯಾಣವನ್ನೇ ಬಿಡುವುದು. ಕತ್ತಲಲ್ಲಿ ಕುರುಡಾಗಿ ಪ್ರಯಾಣಮಾಡುವುದಲ್ಲ. ದೀಪವಿಲ್ಲದ ಚಕ್ರದ ಕೆಳಗೂ ಜೀವಿಗಳಿವೆ, ಕಾಣುವುದಿಲ್ಲ ಅಷ್ಟೇ. ದೀಪವನ್ನು ಬಿಡುವವನು ಅಂದಿನ ಇರುಳು ಸೈಕಲ್ಲನ್ನೂ ಬಿಡಲಿ. ಅನಿವಾರ್ಯವಾಗಿ ಹೊರಡಲೇಬೇಕಾದವನು ದೀಪದೊಡನೆ, ನಿಧಾನವಾಗಿ ಹೊರಡಲಿ.

ಇನ್ನು ನಾವು ಹೆಮ್ಮೆಪಡುವ ಚರ್ಮದ ಸೀಟಿನ ನಿರಾಕರಣೆಯನ್ನು ಪರಿಶೀಲಿಸೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬ್ರೂಕ್ಸ್ ಸಂಸ್ಥೆಯು ೧೮೬೬ರಲ್ಲಿ ಕುದುರೆಯ ಜೀನು ಮುಂತಾದ ಚರ್ಮದ ಸಾಮಗ್ರಿಗಳಿಂದ ಆರಂಭವಾಗಿ, ೧೮೮೨ರಲ್ಲಿ ಸೈಕಲ್ಲಿನ ಚರ್ಮದ ಸೀಟಿಗೆ ಪೇಟೆಂಟು ಪಡೆಯಿತು. ಉಕ್ಕಿನ ಚೌಕಟ್ಟಿನ ಮೇಲೆ ಬಿಗಿದ ಅಂಥ ಸೀಟುಗಳು ನಮ್ಮ ನಾಡಿನಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದವು. ರೆಕ್ಸಿನ್ ಮತ್ತು ಪ್ಲಾಸ್ಟಿಕ್ಕು ಬಂದ ಮೇಲೆ ಬಿಡುವುದು ಸುಲಭವಾಯಿತು. ಕೃತ, ಕಾರಿತ, ಅನುಮೋದಿತಗಳೆಂಬ ಮೂರು ಬಾಗಿಲುಗಳಿಂದಲೂ ಹಿಂಸೆಯು ಪ್ರವೇಶಿಸುವುದೆಂದು ತಿಳಿದವನು ಚರ್ಮವನ್ನು ಬಿಡುವುದು ಯೋಗ್ಯವೇ ಆಗಿದೆ.

ಆದರೆ ಅದೇ ಸೈಕಲ್ಲಿನ ಟೈರನ್ನು ಯಾರು ಸಂಶಯದಿಂದ ನೋಡಿದರು? ೧೮೮೮ರಲ್ಲಿ ಬೆಲ್ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ ಮೇಲೆ ಸೈಕಲ್ ಸವಾರಿಯು ಸುಖಕರವಾಯಿತು. ಲೋಕದ ರಬ್ಬರಿನ ಬೇಡಿಕೆ ಏರಿತು. ಅದೇ ಕಾಲದಲ್ಲಿ, ೧೮೮೫ರಿಂದ ೧೯೦೮ರವರೆಗೆ, ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಳಿಕೆಯಲ್ಲಿದ್ದ ಕಾಂಗೋ ದೇಶದಲ್ಲಿ ಕಾಡುರಬ್ಬರನ್ನು ತರಲು ಹಳ್ಳಿಗರನ್ನು ಒತ್ತಾಯಪಡಿಸಿ, ತರಲಾರದವರನ್ನು ಹೊಡೆದು, ಕೊಂದು, ಕೈಗಳನ್ನು ಕತ್ತರಿಸಿದ ಕ್ರೌರ್ಯವು ನಡೆಯಿತು. ಆ ರಬ್ಬರಿನ ಟೈರಿನ ಮೇಲೆ ಸಾಗಿದ ಸವಾರನಿಗೆ ಅದರಲ್ಲಿ ರಕ್ತದ ಕಲೆ ಕಾಣಲಿಲ್ಲ. ಇಂದಿನ ರಬ್ಬರು ತೋಟಗಳಿಂದಲೂ ಕಾರ್ಖಾನೆಗಳಿಂದಲೂ ಬರುತ್ತದೆ. ಆದರೂ ಅದನ್ನು ಹದಗೊಳಿಸಲು ಬಳಸುವ ಸ್ಟಿಯರಿಕ್ ಆಮ್ಲವನ್ನು ಪ್ರಾಣಿಗಳ ಕೊಬ್ಬಿನಿಂದಲೂ ತಯಾರಿಸುತ್ತಾರೆ. ಇದನ್ನು ಹೇಳುವುದು ಟೈರನ್ನೂ ಬಿಡಿ ಎನ್ನುವುದಕ್ಕಲ್ಲ. ಕಣ್ಣಿಗೆ ಕಾಣುವ ಚರ್ಮವನ್ನು ಬಿಟ್ಟ ಮಾತ್ರಕ್ಕೆ ‘ನನ್ನ ವಾಹನವು ನಿರ್ದೋಷಿ’ ಎಂಬ ಅಭಿಮಾನ ತಾಳಬಾರದೆಂಬುದಷ್ಟೇ ಉದ್ದೇಶ. ಸೀಟನ್ನು ಬಿಟ್ಟ ವಿನಯವು ಬ್ರೇಕನ್ನು ಬಿಗಿಗೊಳಿಸುವ ಎಚ್ಚರವಾಗಿ ಮುಂದುವರಿಯಬೇಕು. ಇರುವೆಗಾಗಿ ಮರುಗುವವನು ಎದುರು ಬರುವ ಮನುಷ್ಯನಿಗಾಗಿ ಬೆಲ್ಲನ್ನು ಹಾಕಿಸದಿದ್ದರೆ ಆ ಮರುಕವು ಅಪೂರ್ಣ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದೆ. ಅವುಗಳಲ್ಲಿ ಪ್ರಮಾದಚರ್ಯೆ ಒಂದು, ಹಿಂಸಾದಾನ ಇನ್ನೊಂದು. ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಖಡ್ಗ, ಕೊಡಲಿ, ವಿಷಗಳನ್ನು ನಾವು ಯಾರಿಗೂ ಕೊಡಲಾರೆವು. ಆದರೆ ಬ್ರೇಕು ಸಡಿಲವಾದ ಸೈಕಲ್ಲನ್ನು ನೆರೆಯವನಿಗೆ ಎರವಲು ಕೊಡುತ್ತೇವೆ. ಅಂಗಡಿಯ ಆಳನ್ನು ಮಿತಿಮೀರಿದ ಹೊರೆಯೊಡನೆ ಅದರ ಮೇಲೆ ಕಳುಹಿಸುತ್ತೇವೆ. ೨೦೦೬–೦೭ರಿಂದ ಹಲವು ವರ್ಷಗಳ ಕಾಲ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಟ್ಟಿತು. ದೂರದ ಶಾಲೆಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಆಸರೆಯಾಯಿತು. ಮಗು ಬೀಳಬಾರದೆಂಬ ಮಮತೆಯಿಂದಲೇ ಮುಂದಿನ ಬ್ರೇಕನ್ನು ಸಡಿಲಿಸುವ ತಂದೆಯು, ಲಾರಿಯೆದುರು ನಿಲ್ಲಬೇಕಾದ ಕ್ಷಣದಲ್ಲಿ ಮಗುವಿನ ಅರ್ಧ ಬಲವನ್ನು ತಾನೇ ಕಿತ್ತುಕೊಂಡಿರುತ್ತಾನೆ. ಮಮತೆಯೂ ಅರಿವಿಲ್ಲದಿದ್ದರೆ ಹಿಂಸಾದಾನದ ಅಂಚಿಗೆ ಹೋಗಬಲ್ಲುದು.

ಬಡವನಿಗೆ ಇದೆಲ್ಲ ಎಲ್ಲಿಂದ ಸಾಧ್ಯವೆಂಬ ಆಕ್ಷೇಪವು ಉಳಿಯುತ್ತದೆ. ಅದು ನ್ಯಾಯವಾದ ಆಕ್ಷೇಪ. ದಿನಗೂಲಿಯವನು ಬ್ರೇಕ್ ರಬ್ಬರನ್ನು ಬದಲಾಯಿಸದಿರುವುದಕ್ಕೂ ಅನುಕೂಲಸ್ಥನು ಸೋಮಾರಿತನದಿಂದ ಬದಲಾಯಿಸದಿರುವುದಕ್ಕೂ ಭೇದವಿದೆ. ಒಂದೇ ಕ್ರಿಯೆಯನ್ನು ಅನೇಕ ನಯಗಳಿಂದ ನೋಡಬೇಕೆಂಬ ಅನೇಕಾಂತವು ಇಂಥಲ್ಲಿಯೇ ಉಪಯೋಗಕ್ಕೆ ಬರಬೇಕು. ಬಡವನನ್ನು ಪ್ರಮಾದಿಯೆಂದು ನಿಂದಿಸುವುದಕ್ಕಿಂತ ಅವನ ಸೈಕಲ್ಲಿಗೆ ಬೇಕಾದುದನ್ನು ಒದಗಿಸುವುದು ಶ್ರಾವಕನ ಕರ್ತವ್ಯ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಅಭಯದಾನವನ್ನು ನಾವು ಬಹುಮಟ್ಟಿಗೆ ಪಶುಪಕ್ಷಿಗಳ ಬಿಡುಗಡೆಗೆ ಸೀಮಿತಗೊಳಿಸಿದ್ದೇವೆ. ಕೇಂದ್ರ ಸರ್ಕಾರವು ೨೦೨೦ರಲ್ಲಿ ಸೈಕಲ್ಲುಗಳ ರಿಫ್ಲೆಕ್ಟರುಗಳಿಗೆ ಗುಣಮಟ್ಟದ ಆದೇಶವನ್ನು ಹೊರಡಿಸಿದೆ. ಆದರೆ ಹಳ್ಳಿಗಳಲ್ಲಿ ಓಡಾಡುತ್ತಿರುವ ಹಳೆಯ ಸೈಕಲ್ಲುಗಳಿಗೆ ಯಾರಾದರೂ ತಂದು ಅಂಟಿಸಿದರೆ ಮಾತ್ರ ಅದು ಬಂದೀತು. ಹಿಂದಿನ ಮಡ್‌ಗಾರ್ಡಿಗೆ ಹಾಕುವ ಒಂದು ಕೆಂಪು ಬಿಲ್ಲೆಯು ಸವಾರನಿಗೂ ಅವನ ಹಿಂದೆ ಬರುವವನಿಗೂ ಅಭಯವನ್ನು ಕೊಡುತ್ತದೆ. ವಿಹಾರದಲ್ಲಿರುವ ತ್ಯಾಗಿಗಳು ವಾಹನಗಳಿಗೆ ಸಿಕ್ಕಿ ಸಮಾಧಿ ಹೊಂದಿದ ದುಃಖವಾರ್ತೆಗಳನ್ನು ಕೇಳಿದ ಸಮಾಜಕ್ಕೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಪರ್ಯೂಷಣದ ಹತ್ತು ದಿನಗಳು ಮುಗಿದು ಕ್ಷಮಾವಾಣಿಯಂದು ನಾವು ಸಕಲ ಜೀವಿಗಳ ಕ್ಷಮೆಯನ್ನು ಬೇಡುತ್ತೇವೆ. ಅಂದು ಬಸದಿಯ ಅಂಗಳಕ್ಕೆ ಸೈಕಲ್ ರಿಪೇರಿಯವರೊಬ್ಬರನ್ನು ಕರೆಸಿ, ಊರಿನ ಸೈಕಲ್ಲುಗಳ ಬ್ರೇಕುಗಳನ್ನು ಜಾತಿಮತಭೇದವಿಲ್ಲದೆ ಬಿಗಿಗೊಳಿಸಿ ಕೊಡುವುದು ಸಾಧ್ಯವಿಲ್ಲದ ಮಾತೇನೂ ಅಲ್ಲ. ಮುಂದೆ ಯಾವುದನ್ನಾದರೂ ‘ಬೇಡ’ ಎನ್ನುವಾಗ, ಅದು ಬಳಪವಾಗಲಿ, ಬ್ರೇಕಾಗಲಿ, ಅದರ ಕಷ್ಟವನ್ನು ಹೊರುವವನು ನಾನೋ ಇನ್ನೊಬ್ಬನೋ ಎಂದು ಕೇಳಿಕೊಳ್ಳೋಣ. ‘ನಾನು’ ಎಂಬ ಉತ್ತರ ಬಂದರೆ ಅದು ವ್ರತದ ಕಡೆಗೆ ಇಟ್ಟ ಹೆಜ್ಜೆ. ‘ಇನ್ನೊಬ್ಬ’ ಎಂಬ ಉತ್ತರ ಬಂದರೆ, ಕಳಚಿಟ್ಟ ಭಾಗವನ್ನು ಅಂದೇ ಮತ್ತೆ ಜೋಡಿಸುವುದು ಶ್ರೇಯಸ್ಕರ.