ಒಂದಕ್ಷರವೂ ಬದಲಾಗದೆ

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಪಿಎಲ್/ಪಿಜಿಎಸ್‌ಕ್ಯೂಎಲ್ ಫಂಕ್ಷನ್ನಿನ ಒಡಲು ಬರಿಯ ಪಠ್ಯವಾಗಿ ಕೂತಿರುತ್ತದೆ. 2019ರ 12ನೇ ಆವೃತ್ತಿ ಬಳಕೆದಾರರ ಕೋಷ್ಟಕಗಳಲ್ಲಿ ಅಡಗಿರುತ್ತಿದ್ದ ಓಐಡಿ (ಸಾಲಿನ ಗುರುತುಸಂಖ್ಯೆ) ಕಾಲಂ ಅನ್ನು ಕೈಬಿಟ್ಟಿತು. ಅದನ್ನು ನೆಚ್ಚಿದ ಫಂಕ್ಷನ್ ಒಂದಕ್ಷರವೂ ಬದಲಾಗದೆ, ಕರೆದ ಕ್ಷಣದಲ್ಲಿ ಮುರಿಯುತ್ತದೆ. ದೋಷ ಪಠ್ಯದ್ದೇ? ಮೈಸೂರಿನ ಚಾಮರಾಜಪುರಂ ರೈಲು ನಿಲ್ದಾಣದ ಹಳಿ 1,000 ಮಿಲಿಮೀಟರಿನಿಂದ 1,676ಕ್ಕೆ ಅಗಲವಾದಾಗ ಹಳೆಯ ಬೋಗಿಗಳೇನೂ ಕೆಟ್ಟಿರಲಿಲ್ಲ, ಕೆಟ್ಟದ್ದು ಹಳಿಯೊಂದಿಗಿನ ಸಂಬಂಧ. ಶಬ್ದಾರ್ಥಗಳ ಸಂಬಂಧ ನಿತ್ಯವೆಂದ ಮೀಮಾಂಸಕ ಜೈಮಿನಿಯ ಅನುಯಾಯಿಗಳು, ಸಂಬಂಧ ಕೆಡಬಹುದೆಂಬುದನ್ನು ಒಪ್ಪಲಾರರು. ಆದರೆ ಅವರು ಕಾಯಹೊರಟದ್ದು ಅಪೌರುಷೇಯವಾದ, ಎಂದರೆ ಯಾರೂ ರಚಿಸದ, ವೇದವನ್ನು. ಫಂಕ್ಷನ್ನಿನ ಪಠ್ಯವೋ ಅಪ್ಪಟ ಪೌರುಷೇಯ, ಕರಾರಿನ ಮೇಲೆ ನಿಂತದ್ದು. ಹಾಗಾದರೆ ಫಂಕ್ಷನ್ ಬರೆದವನು ಹೊಣೆಯಿಂದ ಪಾರಾದನೇ? ಇಲ್ಲ. ಯಾವುದನ್ನು ನೆಚ್ಚಿದ್ದೇನೆಂದು ಆತ ನಮೂದಿಸಿದ್ದರೆ, ನಿರ್ವಾಹಕನು ನವೀಕರಣಕ್ಕೆ ಮುನ್ನವೇ ನಕಲು ಡೇಟಾಬೇಸಿನಲ್ಲಿ ಅಂಥ ಫಂಕ್ಷನ್‌ಗಳನ್ನು ಹುಡುಕಿ ಓಡಿಸಿ ನೋಡಬಹುದಿತ್ತು.