‘ಸಹಕಾರಿ’ ಎಂಬ ಗುಣವಾಚಕ



‘ಹುಡುಗಿ ಬಹಳ ಕೋ-ಆಪರೇಟಿವ್’ ಎಂದು ವಿವಾಹದ ಮಾತುಕತೆಯಲ್ಲಿ ಹೇಳುವುದನ್ನು ತಾವು ಕೇಳಿರಬಹುದು. ಎದುರಾಡುವುದಿಲ್ಲ, ಹೇಳಿದಂತೆ ಕೇಳುತ್ತಾಳೆ ಎಂಬುದೇ ಅದರ ಭಾವ. ಆಸ್ಪತ್ರೆಯಲ್ಲಿ ತೋಳು ಚಾಚಿ ಸುಮ್ಮನೆ ಮಲಗುವ ರೋಗಿಯೂ ಕೋ-ಆಪರೇಟಿವ್. ಸಭೆಯಲ್ಲಿ ಬಾಯಿ ತೆರೆಯದ ಸದಸ್ಯನೂ ಕೋ-ಆಪರೇಟಿವ್. ಈ ಪದಕ್ಕೆ ಇಂತಹ ಗತಿ ಹೇಗೆ ಒದಗಿತು?

ಲತೀನ್ ಮೂಲದಲ್ಲಿ ಅದಕ್ಕಿರುವುದು ಜೊತೆಗೂಡಿ ದುಡಿಯುವ ಅರ್ಥ. ನಮ್ಮ ‘ಸಹಕಾರಿ’ಯ ಕಟ್ಟೂ ಅದೇ: ಸಹ ಎಂದರೆ ಜೊತೆ, ಕಾರಿ ಎಂದರೆ ಮಾಡುವವನು. (ಸಂಸ್ಕೃತದಲ್ಲಿ ‘ಸಹಕಾರ’ವೆಂದರೆ ಮಾವಿನ ಮರವೂ ಹೌದು, ಆ ಸಿಹಿ ಬೇರೆಯದು.) ಎರಡರಲ್ಲಿಯೂ ವಿಧೇಯತೆಯ ಸುಳಿವಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ತಮ್ಮನ್ನೂ ಅಪೊಲೋಸನನ್ನೂ ದೇವರ ಸಹಕಾರ್ಮಿಕರೆಂದು ಕರೆದ ಸಂತ ಪೌಲರೇ, ಅಂತಿಯೋಕ್ಯದಲ್ಲಿ ಸಂತ ಪೇತ್ರರನ್ನು ಮುಖಾಮುಖಿಯಾಗಿ ವಿರೋಧಿಸಿದರು.

ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ ನಡೆದು ನೋಡಿ. 1915ರಲ್ಲಿ ಹುಟ್ಟಿದ ಎರಡು ಸಂಸ್ಥೆಗಳು ಇಂದು ಆ ಒಂದೇ ರಸ್ತೆಯಲ್ಲಿವೆ: ಕನ್ನಡ ಸಾಹಿತ್ಯ ಪರಿಷತ್ತು ಮತ್ತು ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕು. ಅದಕ್ಕೆ ಹತ್ತು ವರ್ಷ ಮೊದಲು, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದ್ದರು. 1912ರಲ್ಲಿ ಮಂಗಳೂರಿನ ಕಥೋಲಿಕರೂ ತಮ್ಮದೊಂದನ್ನು ಆರಂಭಿಸಿದರು. ಇಂತಹ ಸಂಘಗಳಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ನೆರೆಯವನ ಸಾಲಕ್ಕೆ ನಾನು ಜಾಮೀನು. ಆದುದರಿಂದ ‘ಹಣ ಏನಾಯಿತು?’ ಎಂದು ಕೇಳುವುದು ಕೇವಲ ನನ್ನ ಹಕ್ಕಲ್ಲ, ಕರ್ತವ್ಯ. ಪ್ರಶ್ನೆಯೇ ಅಲ್ಲಿಯ ದುಡಿಮೆಯ ಒಂದು ಭಾಗ.

2020ರ ಜನವರಿಯಲ್ಲಿ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ಹಣವನ್ನು ಹಿಂಪಡೆಯುವಂತಿರಲಿಲ್ಲ. ನಿವೃತ್ತರು ಬಾಗಿಲ ಬಳಿ ಸಾಲುಗಟ್ಟಿ ನಿಂತಿದ್ದರು. ಅಲ್ಲಿಯ ತಪ್ಪೊಪ್ಪುಗಳ ತೀರ್ಪು ನನ್ನದಲ್ಲ. ಆದರೆ ನಾವು ಸದಸ್ಯರಾಗಿರುವ ಸಂಘಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರವನ್ನು ಓದದೆಯೇ ಎಷ್ಟು ಬಾರಿ ಕೈ ಎತ್ತಿದ್ದೇವೆ?

ನಾನೂ ಇದಕ್ಕೆ ಹೊರತಲ್ಲ. ಹಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದ ಸಭೆಯಲ್ಲಿ ಹಿರಿಯರೊಬ್ಬರು ಹಬ್ಬದ ಖರ್ಚಿನ ವಿಚಾರವನ್ನು ಮೂರು ಬಾರಿ ಕೇಳಿದರು. ಊಟದ ಹೊತ್ತು ಮೀರುತ್ತಿತ್ತು. ‘ದಯವಿಟ್ಟು ಸಹಕರಿಸಿ’ ಎಂದೆ. ಅವರು ಕುಳಿತರು, ಮುಂದಿನ ಸಭೆಗೆ ಬರಲಿಲ್ಲ. ತಿಂಗಳುಗಳ ನಂತರ ನೋಡಿದರೆ, ದೀಪಾಲಂಕಾರದ ಬಿಲ್ಲು ಎರಡು ಕಡೆ ದಾಖಲಾಗಿತ್ತು. ಅವರ ಮನೆಗೆ ಹೋಗಿ ವಿಷಯ ತಿಳಿಸಿ ಕ್ಷಮೆ ಕೇಳಿದೆ. ಅವರು ಕಾಫಿಯ ಲೋಟವನ್ನು ನನ್ನ ಮುಂದಿಟ್ಟು, ‘ಇರಲಿ ಫಾದರ್, ಲೆಕ್ಕದ ಪುಸ್ತಕ ತಂದಿದ್ದೀರಾ?’ ಎಂದರು.