ಹುತ್ತವಿಲ್ಲದ ಹಾವು

ಹಾವು ತನ್ನ ಮನೆಯನ್ನು ತಾನು ಕಟ್ಟಿಕೊಳ್ಳುವುದಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲೋ ಇಲಿ ತೋಡಿದ ಬಿಲದಲ್ಲೋ ಹೋಗಿ ಸೇರಿಕೊಳ್ಳುತ್ತದೆ. ಆಗುಂಬೆಯ ಕಾಡಿನ ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಮಾಡುತ್ತದೆ ನಿಜ. ಅದು ಮೊಟ್ಟೆಗಳಿಗೆ, ತನ್ನ ವಾಸಕ್ಕಲ್ಲ. ಉಳಿದಂತೆ ಹಾವುಗಳದ್ದು ಬಾಡಿಗೆದಾರರ ಕುಲ. ಹೊಟ್ಟೆಪಾಡಿಗೆ ಚೆನ್ನೈಗೆ ಬಂದು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಕಂಡವರು ಕಟ್ಟಿದ ಹುತ್ತದಲ್ಲಿ ಸೇರಿಕೊಂಡ ನನ್ನಂಥವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಊರಿಗೆ ಬರುವ ಕನ್ನಡಿಗರು ಹಾವಿನ ಮಾತು ಬಂದಾಗ ಸ್ವಲ್ಪ ಹುಷಾರಾಗಿರಬೇಕು. ತಮಿಳಿನಲ್ಲಿ ನಾಗರಹಾವಿಗೆ ‘ನಲ್ಲ ಪಾಂಬು’ ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ಒಳ್ಳೆಯ ಹಾವು. ನಮ್ಮಲ್ಲಿ ಒಳ್ಳೆ ಹಾವು ಅಂದರೆ ಕೆರೆ, ಗದ್ದೆಗಳ ನೀರೊಳ್ಳೆ, ವಿಷವಿಲ್ಲದ್ದು. ಅರ್ಧ ಭಾಷೆ ಬಲ್ಲವನು ‘ಒಳ್ಳೆಯದು ತಾನೇ’ ಅಂತ ಹತ್ತಿರ ಹೋದರೆ ಗತಿಯೇನು! ಪರವೂರಿನಲ್ಲಿ ಬಾಳುವುದೆಂದರೆ ಯಾವುದು ಒಳ್ಳೆಯದು ಅನ್ನುವುದನ್ನು ಮತ್ತೆ ಮೊದಲಿನಿಂದ ಕಲಿಯುವುದು.

2024ರ ನವೆಂಬರ್ ಮಳೆಯಲ್ಲಿ, ವೇಳಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಕಲಿಕೆಗೆ ಒಂದು ಸಂದರ್ಭ ಬಂತು. ಸಂಜೆ ವಾಚ್‌ಮನ್ “ಸಾರ್, ಪಾಂಬು!” ಎಂದು ಕೂಗಿದ. ಮೀಟರ್ ಬೋರ್ಡಿನ ಕೆಳಗೆ ಮೂರಡಿಯ ಹಾವು. ಕಡುಕಂದು ಮೈ, ಅದರ ಮೇಲೆ ತಿಳಿಬಂಗಾರದ ಮಚ್ಚೆ. ತಲೆಯನ್ನು ಒಳಗೆ ಹುದುಗಿಸಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿತ್ತು. ಕೊಳಕುಮಂಡಲದ ಮರಿಯನ್ನು ಹೆಬ್ಬಾವೆಂದು ಭ್ರಮಿಸಿ ಕೈಹಾಕುವವರು ಇದ್ದಾರಾದ್ದರಿಂದ ಯಾರೂ ಮುಟ್ಟಲಿಲ್ಲ. ಹಾವು ಹಿಡಿಯಲು ಬಲ್ಲ ಯುವಕನೊಬ್ಬನನ್ನು ಕರೆಸಿದೆವು. ಅವನು ಒಂದೇ ನೋಟಕ್ಕೆ, “ಇದು ನಮ್ಮ ದೇಶದ್ದೇ ಅಲ್ಲ ಸಾರ್. ಬಾಲ್ ಪೈಥಾನ್. ವಿಷ ಇಲ್ಲ. ಯಾರೋ ಸಾಕಿದ್ದು” ಅಂದ. ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಬೆಳಿಗ್ಗೆ ಬರುತ್ತೇವೆ ಅಂದರು. ಒಂದು ರಾತ್ರಿಯ ಮಟ್ಟಿಗೆ ಅದಕ್ಕೊಂದು ಮನೆ ಬೇಕಾಯಿತು.

ದೊಡ್ಡ ಮನೆ ಕೊಡೋಣ ಅಂತ ನಾನು ನಮ್ಮ ಹಳೆಯ ಮೀನಿನ ಗಾಜಿನ ತೊಟ್ಟಿ ತೋರಿಸಿದೆ. ಯುವಕ ಬೇಡವೆಂದ. ಹೆದರಿದ ಹಾವಿಗೆ ವಿಶಾಲವಾದ ಜಾಗ ಸುಖವಲ್ಲ, ಭಯ. ನಾಲ್ಕೂ ಕಡೆಯಿಂದ ಕಾಣುವ ಗಾಜು ನೋಡುವವರಿಗೆ ಅನುಕೂಲವೇ ಹೊರತು ಒಳಗಿರುವುದಕ್ಕಲ್ಲ. ಬಟ್ಟೆ ತುಂಬಿಡುವ, ಕ್ಲಿಪ್ಪಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಗಾಳಿಗೆ ಸಣ್ಣ ತೂತುಗಳು, ತಳಕ್ಕೆ ಹಳೇ ಪೇಪರ್, ಮಗುಚದಂಥ ಭಾರದ ಬಟ್ಟಲಿನಲ್ಲಿ ನೀರು. ಮುಖ್ಯವಾಗಿ ಅಡಗಲು ಒಂದು ಮರೆ: ಬಾಯಿ ಒಡೆದ ಪುಟ್ಟ ಮಡಕೆಯೊಂದನ್ನು ಬೋರಲು ಹಾಕಿದೆವು. ಮೈಗೆ ಮಡಕೆ ತಾಗುವಷ್ಟು ಇಕ್ಕಟ್ಟಿದ್ದರೇ ಅದಕ್ಕೆ ಧೈರ್ಯವಂತೆ. ಮುಚ್ಚಳಕ್ಕೆ ಹಗ್ಗ ಬಿಗಿದು, ಜನ ಓಡಾಡದ ಬೆಚ್ಚಗಿನ ಮೂಲೆಯಲ್ಲಿಟ್ಟದ್ದಾಯಿತು. ಊಟ ಬೇಡ, ಈ ಜಾತಿ ವಾರಗಟ್ಟಲೆ ಉಪವಾಸ ಇರಬಲ್ಲದು. ಎರಡನೇ ಮಹಡಿಯ ಮಾಮಿ ಹಾಲು ತಂದಿದ್ದರು. ಹಾಲು ಹಾವಿನ ಆಹಾರವಲ್ಲ ಅಂತ ಹೇಳಿ ವಾಪಸ್ ಕಳಿಸುವಾಗ ನಮ್ಮೂರ ನಾಗರಪಂಚಮಿ ನೆನಪಾಯಿತು. ಕಲ್ಲಿನ ಹಾವಿಗೆ ಹಾಲೆರೆದು ನಿಜದ ಹಾವಿಗೆ ದೊಣ್ಣೆ ಎತ್ತುವ ನಮ್ಮ ಭಕ್ತಿಯನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಕಂಡಿದ್ದರು. ನಿಜದ ಹಾವಿಗೂ ಹಾಲನ್ನೇ ಎರೆದರೆ ಅದು ಕರುಣೆಯಾಗುತ್ತದೆಯೇ? ಅತಿಥಿಗೆ ಏನು ಬೇಕು ಅಂತ ಕೇಳದೆ ನಮ್ಮಲ್ಲಿರುವುದನ್ನು ಬಡಿಸುವುದೂ ಒಂದು ಬಗೆಯ ಅಲಕ್ಷ್ಯವೇ.

ನಿಜವಾದ ತಕರಾರು ಶುರುವಾದದ್ದು ಆಮೇಲೆ. ಸಂಘದ ಕಾರ್ಯದರ್ಶಿ, “ಇದಕ್ಕೆಲ್ಲ ಇಲಾಖೆ ಯಾಕೆ? ಪಳ್ಳಿಕರಣೈ ಜೌಗಿಗೆ ಬಿಟ್ಟರಾಯಿತು” ಅಂದರು. ಮೂರನೇ ಮಹಡಿಯ ಹುಡುಗ, “ಅಂಕಲ್, ನಾವೇ ಇಟ್ಕೊಳ್ಳೋಣ” ಅಂದ. ಇನ್ನೊಬ್ಬರು, “ಸಾಕಿದವರು ಹುಡುಕುತ್ತಿರಬಹುದು, ಲಿಫ್ಟಿನಲ್ಲಿ ಚೀಟಿ ಅಂಟಿಸಿ” ಅಂದರು. ಯಾರೂ ಕೊಲ್ಲಿ ಅನ್ನಲಿಲ್ಲ. ಮೂರೂ ಒಳ್ಳೆಯ ಮನಸ್ಸಿನ ಮಾತುಗಳೇ. ಮೂರೂ ತಪ್ಪು ಅನ್ನುವುದು ನನ್ನ ವಾದ.

ಬಿಡುವುದು ಬಿಡುಗಡೆಯೇ? ಈ ಹಾವಿನ ಸೀಮೆ ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್. ಅಲ್ಲಿಯೂ ಅದು ಇರುವುದು ಇಲಿಬಿಲ, ಗೆದ್ದಲ ಹುತ್ತಗಳಲ್ಲೇ. ಬೆನಿನ್‌ನ ಊಯಿದಾ ಪಟ್ಟಣದಲ್ಲಿ ಈ ಜಾತಿಗೇ ಒಂದು ಗುಡಿಯಿದೆ. ನಮ್ಮ ದಕ್ಷಿಣ ಕನ್ನಡದ ನಾಗಬನಗಳ ದೂರದ ನೆಂಟನಿದ್ದಂತೆ. ಪಂಜರದಲ್ಲಿ ಹುಟ್ಟಿ, ಕೊಟ್ಟದ್ದನ್ನು ತಿಂದು ಬೆಳೆದ ಹಾವು ಪಳ್ಳಿಕರಣೈಯಲ್ಲಿ ಬದುಕಿದರೆ ಅಲ್ಲಿಯ ಜೀವಿಗಳಿಗೆ ಕಷ್ಟ, ಸತ್ತರೆ ಅದಕ್ಕೇ ಕಷ್ಟ. ಏಷ್ಯಾದ ಬರ್ಮೀಸ್ ಹೆಬ್ಬಾವು ಸಾಕುವವರ ಕೈಯಿಂದ ತಪ್ಪಿ ಅಮೆರಿಕದ ಫ್ಲಾರಿಡಾದಲ್ಲಿ ನೆಲೆಯೂರಿ, ಎವರ್‌ಗ್ಲೇಡ್ಸ್ ಜೌಗಿನ ಸಣ್ಣ ಪ್ರಾಣಿಗಳನ್ನು ಬರಿದು ಮಾಡಿದ ಕಥೆ ಜಗತ್ತಿಗೇ ಗೊತ್ತು.

ಸಾಕಿದವನಿಗೆ ಹಿಂತಿರುಗಿಸುವುದು? ಕಳೆದುಹೋದ ನಾಯಿಗೆ ಆ ನ್ಯಾಯ ಸರಿ. ಆದರೆ ಈ ಹಾವು ಇಲ್ಲಿಗೆ ಬಂದ ದಾರಿಯನ್ನು ನೋಡಿ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ, ಬ್ಯಾಂಕಾಕಿನಿಂದ ಬಂದ ಬ್ಯಾಗಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಮತ್ತು ಸತ್ತುಬಿದ್ದ 6 ಕಪುಚಿನ್ ಮಂಗಗಳು ಸಿಕ್ಕಿದ್ದವು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, 2024ರಲ್ಲಿ ನಿಯಮಗಳು ಬಂದ ಮೇಲೆ ಇಂಥ ಜೀವಿ ಸಾಕಿದವರು ಸರ್ಕಾರದಲ್ಲಿ ನೋಂದಾಯಿಸಲೇಬೇಕು. ಕಾಗದವಿದ್ದವನು ಇಲಾಖೆಯಲ್ಲೇ ಹೋಗಿ ಕೇಳಬಹುದು. ಕಾಗದವಿಲ್ಲದವನಿಗೆ ಲಿಫ್ಟಿನ ಚೀಟಿ ಯಾಕೆ?

ಇನ್ನು ನಾವೇ ಇಟ್ಟುಕೊಳ್ಳುವುದು. ಹುಡುಗನ ಆಸೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. “ಸ್ವಲ್ಪ ದಿನ ಮಾತ್ರ ಅಂಕಲ್” ಅಂದಿದ್ದ. ಈ ‘ಸ್ವಲ್ಪ ದಿನ’ ಎನ್ನುವುದನ್ನೇ ಯೋಚಿಸಬೇಕು. ಬಾಲ್ ಪೈಥಾನ್ ಸಾಕಿದಲ್ಲಿ ಮೂವತ್ತು ವರ್ಷ ಬದುಕಬಲ್ಲದು. ‘ಎರಡು ವರ್ಷ ಇದ್ದು ವಾಪಸ್ ಹೋಗಿಬಿಡುತ್ತೇವೆ’ ಅಂತ ಬಂದು ಮಕ್ಕಳ ಮದುವೆಯನ್ನೂ ಇಲ್ಲೇ ಮಾಡಿದ ಕನ್ನಡಿಗರು ಈ ಊರಲ್ಲಿ ಎಷ್ಟು ಜನ ಬೇಕು! ನಾವಾದರೋ ಟಿಕೆಟ್ ತೆಗೆಸಿ ಮೈಸೂರಿನ ರೈಲು ಹತ್ತಬಲ್ಲೆವು. ಡಬ್ಬಿಯ ಮುಚ್ಚಳ ಮಾತ್ರ ಹೊರಗಿನಿಂದಲೇ ತೆರೆಯಬೇಕು.

ತಾತ್ಕಾಲಿಕ ಅನ್ನುವ ಮಾತಿಗೆ ಬೆಲೆ ಬರುವುದು ಹೇಗೆಂದು ನೋಡಬೇಕಾದರೆ ಚೆನ್ನೈಯಿಂದ ಮಹಾಬಲಿಪುರದ ದಾರಿಯಲ್ಲಿ ವಡನೆಮ್ಮೇಲಿಗೆ ಹೋಗಬೇಕು. ಅಲ್ಲಿ, ಮೊಸಳೆ ಪಾರ್ಕಿನ ಆವರಣದಲ್ಲಿ, ಇರುಳರ ಹಾವು ಹಿಡಿಯುವವರ ಸಹಕಾರ ಸಂಘವಿದೆ. ಒಂದು ಕಾಲಕ್ಕೆ ಇರುಳರು ಹಾವು ಹಿಡಿದು ಚರ್ಮದ ವ್ಯಾಪಾರಿಗಳಿಗೆ ಮಾರುತ್ತಿದ್ದರು. 1972ರ ಕಾಯ್ದೆಯ ನಂತರ ಆ ದಂಧೆ ನಿಂತು ಹೊಟ್ಟೆಗೆ ಕಷ್ಟವಾಯಿತು. ಗಿಂಡಿಯ ಹಾವಿನ ಪಾರ್ಕನ್ನು ಸ್ಥಾಪಿಸಿದ, ಮುಂದೆ 2005ರಲ್ಲಿ ನಮ್ಮ ಆಗುಂಬೆಯಲ್ಲೂ ಸಂಶೋಧನಾ ಕೇಂದ್ರ ಕಟ್ಟಿದ ರೋಮ್ಯುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಈ ಸಂಘ ಹುಟ್ಟಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನು ಹಿಡಿದು ತರುತ್ತಾರೆ. ಮಣ್ಣಿನ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಮೂರು ನಾಲ್ಕು ವಾರದಲ್ಲಿ ಕೆಲವು ಸಲ ವಿಷ ತೆಗೆಯುತ್ತಾರೆ. ಅದರಿಂದಲೇ ಹಾವು ಕಡಿತದ ಔಷಧಿ. ಹೊಟ್ಟೆಯ ಹುರುಪೆಗೆ ಒಂದು ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಗುರುತಿರುವ ಹಾವು ಮತ್ತೆ ಸಿಕ್ಕರೆ ಹಿಡಿಯುವುದಿಲ್ಲ. 2023ರಲ್ಲಿ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಎಂಬ ಇಬ್ಬರು ಇರುಳರಿಗೆ ಪದ್ಮಶ್ರೀ ಬಂತು.

ಇಲ್ಲಿ ಲಾಭವೂ ಇದೆ, ಬಂಧನವೂ ಇದೆ. ಆದರೆ ಮಡಕೆಗೊಂದು ಗಡುವಿದೆ, ಗಡುವಿನಾಚೆ ಹಾವಿನದೇ ಆದ ಹೊಲವಿದೆ. ನಮ್ಮ ಡಬ್ಬಿಯ ಹಾವಿಗೆ ಇದ್ದದ್ದು ಮರುದಿನ ಬೆಳಿಗ್ಗೆ ಬಂದ ಇಲಾಖೆಯ ಜೀಪು ಮಾತ್ರ. ಆ ಜೀಪು ಒಯ್ಯುವುದೂ ಇನ್ನೊಂದು ಗೂಡಿಗೇ. ಹಾಗಿದ್ದರೂ ಕೊಡಬೇಕು. ಅದರ ಬದುಕಿನ ಲೆಕ್ಕ ಎಲ್ಲೋ ಒಂದು ಕಡೆ ಬರೆದಿರುತ್ತದೆ, ಕೇಳುವವರಿಗೆ ಉತ್ತರ ಹೇಳುವ ಹೊಣೆ ಒಬ್ಬರ ಮೇಲಿರುತ್ತದೆ. ನನ್ನ ಬಾಲ್ಕನಿಯಲ್ಲಿ ಅದಿದ್ದರೆ ನನ್ನ ಪ್ರೀತಿಯೊಂದೇ ಅದಕ್ಕೆ ಆಧಾರ. ನನಗೆ ವರ್ಗವಾದ ದಿನ ಅದೂ ಇಲ್ಲ.

ದಿಕ್ಕಿಲ್ಲದೆ ಬಾಗಿಲಿಗೆ ಬಂದ ಜೀವಕ್ಕೆ ಒಂದು ರಾತ್ರಿಯ ಜಾಗವನ್ನು ಅದರ ಮೈಯಳತೆಗೆ ತಕ್ಕಂತೆ ಮಾಡಿಕೊಡುವುದು ನಮ್ಮ ಕೈಯಲ್ಲಿದೆ. ಅದು ಸಣ್ಣ ಕೆಲಸವೇನಲ್ಲ. ಅದಕ್ಕೆ ಊರನ್ನು ವಾಪಸ್ ಕೊಡುವುದು ಮಾತ್ರ ನಮ್ಮಿಂದಾಗದು, ಇಲಾಖೆಯಿಂದಲೂ ಕಷ್ಟ. ಅದು ಸಾಧ್ಯವಿದ್ದದ್ದು ಬಹಳ ಹಿಂದೆ, ಯಾರೋ ಒಬ್ಬರು ಬಣ್ಣದ ಹಾವೊಂದನ್ನು ನೋಡಿ ಬೆಲೆ ಕೇಳಿದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಬೇಡ ಅಂದುಬಿಡುವಷ್ಟು ಅಗ್ಗದ ದಯೆ ಬೇರೆ ಯಾವುದೂ ಇಲ್ಲ.